ಬಾಣದ ಬೆನ್ನೇರಿದ ಕಾಗದಗಳು

ಮನೆಗೆ ಬಂದ ಲಕೋಟೆಯ ಮೂಲೆಯನ್ನು ಕತ್ತರಿಸಿ, ಬಟ್ಟಲು ನೀರಿನಲ್ಲಿ ನೆನೆಹಾಕಿ, ಮೆಲ್ಲನೆ ಅಂಚೆಚೀಟಿಯನ್ನು ಬಿಡಿಸಿ, ಹಳೆಯ ನೋಟುಪುಸ್ತಕದಲ್ಲಿ ಅಂಟಿಸಿಡುವ ಆಟವನ್ನು ನಿಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಆಡಿಯೇ ಇರುತ್ತೀರಿ. ಚೀಟಿ ಪುಸ್ತಕಕ್ಕೆ, ಲಕೋಟೆ ನೀರೊಲೆಗೆ. ಇದು ನಮ್ಮ ಮನೆಗಳಲ್ಲಿ ಬಹುಕಾಲ ನಡೆದುಬಂದ ವ್ಯವಸ್ಥೆ. ಆದರೆ ಅಂಚೆಯ ವಿಷಯದಲ್ಲಿ ಆಸಕ್ತಿಯುಳ್ಳ ಇನ್ನೊಂದು ಪಂಗಡದವರಿದ್ದಾರೆ. ನೀರೊಲೆಗೆ ಹೋಗುವ ಆ ಲಕೋಟೆಯೇ ಅವರಿಗೆ ಬೇಕು. ಅದೂ ಕತ್ತರಿ ಸೋಕದೆ, ಚೀಟಿ, ಠಸ್ಸೆ, ವಿಳಾಸ ಎಲ್ಲವೂ ಇದ್ದಂತೆಯೇ ಇರಬೇಕು. ಅವರಲ್ಲಿಯೂ ಕೆಲವರು ವಿಮಾನದಲ್ಲಿ, ಆಕಾಶಬಾಣದಲ್ಲಿ, ಕೊನೆಗೆ ಚಂದ್ರಲೋಕಕ್ಕೆ ಹೋಗಿಬಂದ ನೌಕೆಯಲ್ಲಿ ಪಯಣ ಮಾಡಿದ ಲಕೋಟೆಗಳನ್ನೇ ಹುಡುಕುತ್ತಾರೆ. ಇದೇನು ಹುಚ್ಚು ಎಂದು ನೀವು ಕೇಳಬಹುದು. ಹುಚ್ಚಿನಲ್ಲಿಯೂ ಒಂದು ಕ್ರಮವಿದೆ. ಅದನ್ನು ಇಲ್ಲಿ ವಿವರಿಸಲು ಪ್ರಯತ್ನಿಸುತ್ತೇನೆ.

ಚೀಟಿಯೊಂದೇ ಇದ್ದರೆ ಅದು ಹೇಳುವ ಮಾತು ಕಡಿಮೆ. ಯಾವ ದೇಶದ್ದು, ಬೆಲೆ ಎಷ್ಟು, ಚಿತ್ರ ಯಾರದು, ಅಷ್ಟೆ. ಇಡಿಯ ಲಕೋಟೆಯಾದರೋ ಒಂದು ಸಾಕ್ಷಿ. ಎಲ್ಲಿಂದ ಹೊರಟಿತು, ಯಾವ ದಿನ, ಯಾರಿಗೆ, ಯಾವ ದಾರಿಯಾಗಿ, ಎಷ್ಟು ದಿನಕ್ಕೆ ತಲುಪಿತು ಎಂಬುದನ್ನೆಲ್ಲ ಅದು ತನ್ನ ಮೈಮೇಲೆಯೇ ಬರೆದುಕೊಂಡಿರುತ್ತದೆ. ಮುಂಭಾಗದ ಠಸ್ಸೆ ಹೊರಟ ಊರನ್ನು ತಿಳಿಸುತ್ತದೆ. ಹಿಂಭಾಗದ ಠಸ್ಸೆ ತಲುಪಿದ ಊರನ್ನು ತಿಳಿಸುತ್ತದೆ. ವಿಶೇಷ ಸಂದರ್ಭವಾದರೆ ಅದಕ್ಕೆಂದೇ ಮಾಡಿಸಿದ ಸಚಿತ್ರ ಮುದ್ರೆಯೊಂದು ಪಕ್ಕದಲ್ಲಿ ಬಿದ್ದಿರುತ್ತದೆ. ಮೂಲೆ ಕತ್ತರಿಸಿದೊಡನೆ ಈ ಸಾಕ್ಷಿಯ ಬಾಯಿ ಕಟ್ಟಿದಂತೆ.

ಅಂಚೆ ನಮ್ಮ ನಾಡಿಗೆ ಹೊರಗಿನಿಂದ ಬಂದ ವಸ್ತುವಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರು 1672ರಲ್ಲಿಯೇ ಅಂಚೆಯನ್ನು ಏರ್ಪಡಿಸಿದರು. ಮೈಸೂರು ಅಂಚೆ 1889ರಲ್ಲಿ ಬ್ರಿಟಿಷರ ಅಂಚೆ ಇಲಾಖೆಯಲ್ಲಿ ಸೇರಿಹೋಗುವವರೆಗೂ ಸ್ವತಂತ್ರವಾಗಿಯೇ ನಡೆಯಿತು. ಕಾಲುನಡಿಗೆಯ ಓಟಗಾರರ ಅನಂತರ ರೈಲು ಬಂದಿತು. ಬೀರೂರಿನಲ್ಲಿ ಕವಲೊಡೆದು ಒಂದು ದಾರಿ ತರೀಕೆರೆಯ ಮೇಲೆ ಶಿವಮೊಗ್ಗಕ್ಕೂ ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಯ ಕಡೆಗೂ ಹೋಗುವುದನ್ನು ನೀವು ಬಲ್ಲಿರಿ. ನಮ್ಮ ಕಡೆಯ ಟಪಾಲಿನ ಚೀಲಗಳು ಬಹುಕಾಲ ಈ ಕಂಬಿಗಳ ಮೇಲೆಯೇ ಓಡಾಡಿದವು.

ಕಾಗದ ಅಧಿಕೃತವಾಗಿ ಮೊದಲು ವಿಮಾನವನ್ನೇರಿದುದೂ ನಮ್ಮ ದೇಶದಲ್ಲಿಯೇ ಎಂಬುದು ಹೆಮ್ಮೆಯ ಮಾತು. 1911ನೆಯ ಇಸವಿ ಫೆಬ್ರವರಿ 18ರಂದು ಅಲಹಾಬಾದಿನ ವಸ್ತುಪ್ರದರ್ಶನದ ಮೈದಾನದಿಂದ ಅನ್ರಿ ಪೆಕೆ ಎಂಬ ಫ್ರೆಂಚ್ ತರುಣನು ಸುಮಾರು 6,500 ಕಾಗದಗಳನ್ನು ಹೊತ್ತುಕೊಂಡು, ಯಮುನಾ ನದಿಯನ್ನು ದಾಟಿ, ಆರು ಮೈಲಿ ದೂರದ ನೈನಿಯಲ್ಲಿ ಇಳಿದನು. ಪ್ರಪಂಚದ ಮೊಟ್ಟಮೊದಲ ಅಧಿಕೃತ ವಿಮಾನ ಅಂಚೆ ಇದೇ. ಅಂದಿನ ಕಾಗದಗಳಿಗೆ ವಿಮಾನದ ಚಿತ್ರವುಳ್ಳ ಠಸ್ಸೆಯೊಂದನ್ನು ಬೇರೆಯಾಗಿಯೇ ಮಾಡಿಸಿದ್ದರು. ಆ ಠಸ್ಸೆ ಬಿದ್ದ ಲಕೋಟೆ ಇಂದು ಯಾರ ಮನೆಯಲ್ಲಿ ದೊರೆತರೂ ಸಂಗ್ರಾಹಕರ ಕಣ್ಣು ಅರಳುತ್ತದೆ.

ನಮ್ಮ ಕನ್ನಡ ನಾಡಿಗೆ ಈ ವಿಮಾನದ ಕಾಗದ ಬಂದದ್ದು 1932ರಲ್ಲಿ. ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಪುಟ್ಟ ಪಸ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದಿನ ಮೇಲೆ ಮುಂಬಯಿಗೆ ಟಪಾಲನ್ನು ತಂದರು. ಅಲ್ಲಿಂದ ಮುಂದಕ್ಕೆ ಅದನ್ನು ಕೊಂಡೊಯ್ದವರು ಅವರ ಗೆಳೆಯ ನೆವಿಲ್ ವಿನ್ಸೆಂಟ್. ಮದರಾಸಿಗೆ ಹೋಗುವ ಆ ದಾರಿಯಲ್ಲಿ ಬಳ್ಳಾರಿಯೇ ತಂಗುದಾಣ. ಈ ಮೊದಲ ಹಾರಾಟದ ಲಕೋಟೆಗಳನ್ನು ‘ಪ್ರಥಮ ಹಾರಾಟದ ಲಕೋಟೆ’ ಎಂಬ ಹೆಸರಿನಲ್ಲಿ ಕೂಡಿಸುತ್ತಾರೆ. ಅಹಮದಾಬಾದಿನಲ್ಲಿ ಆ ವಿಮಾನಕ್ಕೆ ಪೆಟ್ರೋಲಿನ ಡಬ್ಬಗಳನ್ನು ಎತ್ತಿನ ಗಾಡಿಯಲ್ಲಿ ತಂದರಂತೆ! ಎತ್ತು ಮತ್ತು ವಿಮಾನ, ಇವೆರಡರ ಸ್ನೇಹ ಇಲ್ಲಿಗೇ ಮುಗಿಯಲಿಲ್ಲ. ಆ ಮಾತು ಮುಂದೆ ಬರುತ್ತದೆ.

ಮೈಸೂರಿನ ಬಾಣಗಳು

ಇನ್ನು ಆಕಾಶಬಾಣದ ಕಡೆಗೆ ತಿರುಗೋಣ. ರಾಕೆಟ್ಟು ಎಂದರೆ ಪರದೇಶದ ಯಂತ್ರವೆಂದು ತಿಳಿಯುವವರು ಹೆಚ್ಚು. ಆದರೆ ಹದಿನೆಂಟನೆಯ ಶತಮಾನದಲ್ಲಿ ಕಬ್ಬಿಣದ ಕೊಳವೆಯಲ್ಲಿ ಮದ್ದನ್ನು ತುಂಬಿ, ಅದನ್ನು ಬಿದಿರಿನ ಗಳುವಿಗೆ ಬಿಗಿದು, ಯುದ್ಧದಲ್ಲಿ ದಂಡು ದಂಡಾಗಿ ಹಾರಿಸಿದವರು ಮೈಸೂರಿನ ಹೈದರಾಲಿ ಮತ್ತು ಟೀಪು ಸುಲ್ತಾನರ ಸೈನಿಕರು. ಕಾಗದದ ಕೊಳವೆಗಿಂತ ಕಬ್ಬಿಣದ ಕೊಳವೆ ಒಳಗಿನ ಒತ್ತಡವನ್ನು ಹೆಚ್ಚಾಗಿ ತಾಳುತ್ತದೆ. ಆದ್ದರಿಂದ ಬಾಣ ಹೆಚ್ಚು ದೂರ ಹೋಗುತ್ತದೆ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಈ ಬಾಣಗಳು ಇಂಗ್ಲಿಷರ ಸೇನೆಯನ್ನು ಕಂಗೆಡಿಸಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಸಿಕ್ಕಿದ ಬಾಣಗಳನ್ನು ಇಂಗ್ಲೆಂಡಿಗೆ ಸಾಗಿಸಿದರು. ವಿಲಿಯಂ ಕಾಂಗ್ರೀವ್ ಅವುಗಳನ್ನು ನೋಡಿಕೊಂಡೇ ತನ್ನ ರಾಕೆಟ್ಟುಗಳನ್ನು ರೂಪಿಸಿದನು.

ಇದಕ್ಕೆ ಸಾಕ್ಷಿ ಬೇಕೆಂದರೆ ತರೀಕೆರೆಯವರು ಬಹಳ ದೂರ ಹೋಗಬೇಕಾಗಿಲ್ಲ. ಹೊಸನಗರ ತಾಲ್ಲೂಕಿನ ನಗರ ಎಂಬ ಊರು, ಹಿಂದಿನ ಬಿದನೂರು, 1763ರಲ್ಲಿ ಹೈದರಾಲಿಯ ವಶವಾಗಿ ಹೈದರನಗರ ಎನಿಸಿಕೊಂಡಿತು. ಅಲ್ಲಿಯ ಹಾಳು ಬಾವಿಯೊಂದನ್ನು 2018ರ ಜುಲೈ ತಿಂಗಳಿನಲ್ಲಿ ಪುರಾತತ್ವ ಇಲಾಖೆಯವರು ಅಗೆದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ಬಾಣಗಳು ಹೊರಬಿದ್ದವು. ಇನ್ನು ಅಜ್ಜಂಪುರದವರಿಗೆ ಹೇಳಬೇಕಾದುದು ಬೇರೆ. ಆ ಸೇನೆಯ ಫಿರಂಗಿಗಳನ್ನೂ ಸಾಮಾನುಗಳನ್ನೂ ಎಳೆದ ಅಮೃತಮಹಲ್ ತಳಿಯ ಸಂವರ್ಧನ ಕೇಂದ್ರ ನಿಮ್ಮ ಊರಿನಲ್ಲಿಯೇ ಇದೆ. ಕಾವಲಿನಲ್ಲಿ ಮೇಯುವ ಆ ನೀಳ ಕೊಂಬಿನ ದನಗಳು ಮೈಸೂರಿನ ಬಾಣಗಳ ಕಾಲದ ವಂಶಸ್ಥರು.

ಬಾಣದ ಅಂಚೆ

ಶತ್ರುವಿನ ಮೇಲೆ ಬಿಡುವ ಬಾಣದಲ್ಲಿ ಕ್ಷೇಮಸಮಾಚಾರದ ಕಾಗದವನ್ನೇಕೆ ಕಳುಹಿಸಬಾರದು? ಈ ಯೋಚನೆಯನ್ನು ಮೊದಲು ಕೈಗೂಡಿಸಿದವರು ಆಸ್ಟ್ರಿಯಾ ದೇಶದ ಫ್ರೀಡ್ರಿಕ್ ಶ್ಮೀಡ್ಲ್. 1931ರ ಫೆಬ್ರವರಿ 2ರಂದು ಅವರು ಬೆಟ್ಟವೊಂದರ ಮೇಲಿನಿಂದ 102 ಕಾಗದಗಳನ್ನು ಕೆಳಗಿನ ಹಳ್ಳಿಗೆ ರಾಕೆಟ್ಟಿನಲ್ಲಿ ಕಳುಹಿಸಿದರು. 1934ರ ಜುಲೈ ತಿಂಗಳಿನಲ್ಲಿ ಗೆರ್ಹಾರ್ಡ್ ಜುಕರ್ ಎಂಬ ಜರ್ಮನ್ ಗೃಹಸ್ಥರು ಸ್ಕಾಟ್ಲೆಂಡಿನ ದ್ವೀಪಗಳಲ್ಲಿ ಇದೇ ಸಾಹಸವನ್ನು ಮಾಡಹೋದಾಗ ರಾಕೆಟ್ಟು ಸಿಡಿದು ಕಾಗದಗಳು ಸೀದುಹೋದವು. ಅಂಚು ಸುಟ್ಟ ಆ ಲಕೋಟೆಗಳಿಗೂ ಸಂಗ್ರಾಹಕರಲ್ಲಿ ಬೇಡಿಕೆಯಿದೆ.

ಅದೇ ವರ್ಷ ನಮ್ಮ ದೇಶದಲ್ಲಿ ಈ ಕಾರ್ಯಕ್ಕೆ ಕೈಹಾಕಿದವರು ಸ್ಟೀಫನ್ ಸ್ಮಿತ್. ಇವರು 1891ರಲ್ಲಿ ಶಿಲ್ಲಾಂಗಿನಲ್ಲಿ ಹುಟ್ಟಿದವರು, ಕಲ್ಕತ್ತೆಯಲ್ಲಿ ದಂತವೈದ್ಯರಾಗಿದ್ದವರು, ಭಾರತೀಯ ವಿಮಾನ ಅಂಚೆ ಸಂಘದ ಕಾರ್ಯದರ್ಶಿಗಳು. ಹಲ್ಲು ಕೀಳುವ ಕೈ ಬಾಣ ಬಿಡಲು ಹೇಗೆ ಹೊರಟಿತೆಂದು ನಗಬೇಡಿ. ಅವರ ಮನಸ್ಸಿನಲ್ಲಿದ್ದುದು ಆಟವಲ್ಲ. ಹೊಳೆ ತುಂಬಿ ಸೇತುವೆ ಕೊಚ್ಚಿಹೋದಾಗ, ಭೂಕಂಪವಾಗಿ ದಾರಿ ಮುಚ್ಚಿದಾಗ, ಆಚೆಯ ದಡದಲ್ಲಿ ಸಿಕ್ಕಿಬಿದ್ದವರಿಗೆ ಕಾಗದ, ಔಷಧಿ, ಆಹಾರಗಳನ್ನು ಮುಟ್ಟಿಸುವುದು ಹೇಗೆ ಎಂಬುದೇ ಅವರ ಪ್ರಶ್ನೆ. ಆಷಾಢದ ಮಳೆಯಲ್ಲಿ ಭದ್ರೆ ಉಕ್ಕಿದಾಗ ಲಕ್ಕವಳ್ಳಿಯ ಕಡೆಯವರಿಗೆ, ಗುಡ್ಡ ಜರಿದಾಗ ಕೆಮ್ಮಣ್ಣುಗುಂಡಿಯ ದಾರಿಯವರಿಗೆ ಈ ಪ್ರಶ್ನೆಯ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ.

1934ರ ಸೆಪ್ಟೆಂಬರ್ 30ರಂದು ಸ್ಮಿತ್ ಅವರು ಗಂಗೆ ಸಮುದ್ರವನ್ನು ಸೇರುವಲ್ಲಿ, ಹಡಗಿನಿಂದ ಸಾಗರ ದ್ವೀಪದ ಕಡೆಗೆ 143 ಕಾಗದಗಳನ್ನು ತುಂಬಿದ ರಾಕೆಟ್ಟನ್ನು ಹಾರಿಸಿದರು. ಅದು ನಡುದಾರಿಯಲ್ಲಿಯೇ ಸಿಡಿದು ಕಾಗದಗಳು ಚೆದುರಿ ಬಿದ್ದವು. ಅವರು ಎದೆಗುಂದಲಿಲ್ಲ. ಮುಂದಿನ ವರ್ಷ ಸಿಕ್ಕಿಂ ರಾಜ್ಯಕ್ಕೆ ಹೋದರು. ಅಲ್ಲಿನ ಮಹಾರಾಜ ತಾಶಿ ನಮ್‌ಗ್ಯಾಲ್ ಅವರು ತಾವೇ ಮುಂದೆ ನಿಂತು ಪ್ರೋತ್ಸಾಹ ಕೊಟ್ಟರು. 1935ರ ಏಪ್ರಿಲ್‌ನಲ್ಲಿ ಅಲ್ಲಿಯ ನದಿಯೊಂದರ ಮೇಲೆ ಕಾಗದಗಳಷ್ಟೇ ಅಲ್ಲ, ಚಹ, ಸಕ್ಕರೆ ಮೊದಲಾದ ಪದಾರ್ಥಗಳ ಪೊಟ್ಟಣವೂ ಹಾರಿ ಆಚೆಯ ದಡವನ್ನು ಸೇರಿತು. ಮೇ 31ರಂದು ಕ್ವೆಟ್ಟಾ ಭೂಕಂಪವಾಯಿತು. ಕೆಲವೇ ದಿನಗಳಲ್ಲಿ ಸ್ಮಿತ್ ಅವರು ಬಂಗಾಳದ ರೂಪನಾರಾಯಣ ನದಿಯ ದಡದಲ್ಲಿ ಪರಿಹಾರ ಸಾಮಗ್ರಿ ಸಾಗಿಸುವ ಪ್ರಯೋಗವನ್ನು ನಡೆಸಿದರು. ಜೂನ್ 29ರಂದು ದಾಮೋದರ ನದಿಯ ಮೇಲೆ ಒಂದು ಹುಂಜ, ಒಂದು ಹೇಂಟೆ ರಾಕೆಟ್ಟಿನಲ್ಲಿ ಪ್ರಯಾಣಮಾಡಿ ಜೀವಸಹಿತ ಇಳಿದವು. ಅವಕ್ಕೆ ಆಡಂ, ಈವ್ ಎಂದು ಹೆಸರು. 1944ರವರೆಗಿನ ಹತ್ತು ವರ್ಷಗಳಲ್ಲಿ ಅವರು ಸುಮಾರು 270 ಸಲ ರಾಕೆಟ್ಟು ಹಾರಿಸಿದರು. ಅವುಗಳಲ್ಲಿ ಎಂಬತ್ತರಷ್ಟು ಕಾಗದ ಹೊತ್ತವು. ಅವರು 1951ರಲ್ಲಿ ತೀರಿಕೊಂಡರು. ನಮ್ಮ ಅಂಚೆ ಇಲಾಖೆ 1992ರಲ್ಲಿ ಅವರ ಜನ್ಮಶತಾಬ್ದಿಯ ನೆನಪಿಗೆ ಅಂಚೆಚೀಟಿಯನ್ನು ಹೊರಡಿಸಿತು.

ಸ್ಮಿತ್ ಅವರ ಲಕೋಟೆಗಳ ಮೇಲೆ ಬಣ್ಣದ ರಾಕೆಟ್ ಚೀಟಿಗಳಿರುತ್ತವೆ. ಅವು ಸರಕಾರದ ಅಂಚೆಚೀಟಿಗಳಲ್ಲ, ಅವರೇ ಅಚ್ಚುಹಾಕಿಸಿದ ಗುರುತಿನ ಚೀಟಿಗಳು. ರಾಕೆಟ್ಟಿನಿಂದ ಇಳಿದ ಕಾಗದ ಮುಂದೆ ಸಾಮಾನ್ಯ ಟಪಾಲಿನಲ್ಲಿ ಹೋಗಬೇಕಾದರೆ ಸರಕಾರದ ಅಂಚೆಚೀಟಿಯೂ ಅಂಚೆ ಕಚೇರಿಯ ಠಸ್ಸೆಯೂ ಬೇಕೇ ಬೇಕು. ಈ ಎರಡು ಬಗೆಯ ಚೀಟಿಗಳ ಭೇದವನ್ನು ತಿಳಿಯದವನು ಈ ಸಂಗ್ರಹಕ್ಕೆ ಇಳಿಯಬಾರದು.

ಸರಕಾರವೇ ಇಂಥ ಕಾರ್ಯಕ್ಕೆ ಕೈಹಾಕಿದ್ದೂ ಉಂಟು. 1959ರ ಜೂನ್ 8ರಂದು ಅಮೆರಿಕದ ಬಾರ್ಬೆರೋ ಎಂಬ ಜಲಾಂತರ್ಗಾಮಿಯಿಂದ 3,000 ಕಾಗದಗಳನ್ನು ಹೊತ್ತ ಕ್ಷಿಪಣಿ ಹಾರಿ 22 ನಿಮಿಷಗಳಲ್ಲಿ ಫ್ಲಾರಿಡಾದ ನೌಕಾನೆಲೆಯನ್ನು ತಲುಪಿತು. ಆದರೆ ಕ್ಷಿಪಣಿಯ ಖರ್ಚಿನ ಮುಂದೆ ವಿಮಾನವೇ ಅಗ್ಗ. ಬಾಣದ ಅಂಚೆ ಅಲ್ಲಿಗೆ ನಿಂತಿತು.

ಉಪಗ್ರಹದ ಕಾಲ

ಅಲ್ಲಿಂದ ಮುಂದೆ ರಾಕೆಟ್ಟು ಕಾಗದವನ್ನು ಹೊರುವ ಬದಲು ಕಾಗದವೇ ರಾಕೆಟ್ಟಿನ ಸುದ್ದಿಯನ್ನು ಹೊರತೊಡಗಿತು. ನಿಮ್ಮ ಮನೆಗಳಲ್ಲಿ ಸಿಕ್ಕಬಹುದಾದವು ಈ ಬಗೆಯವೇ. ಬೆಂಗಳೂರಿನ ಪೀಣ್ಯದಲ್ಲಿ, ಉಡುಪಿಯ ಕಡೆಯವರಾದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಸಿದ್ಧವಾದ ಆರ್ಯಭಟ ಉಪಗ್ರಹವು 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಮೇಲೇರಿತು. ಮರುದಿನವೇ 25 ಪೈಸೆಯ ಅಂಚೆಚೀಟಿ ಹೊರಬಿದ್ದಿತು. ಚೀಟಿ ಬಿಡುಗಡೆಯಾದ ದಿನದ ಠಸ್ಸೆಯುಳ್ಳ ಲಕೋಟೆಗೆ ಮೊದಲ ದಿನದ ಲಕೋಟೆ ಎಂದು ಹೆಸರು. ಎಸ್. ಎಲ್. ವಿ. 3 ವಾಹನವು 1980ರ ಜುಲೈ 18ರಂದು ರೋಹಿಣಿಯನ್ನು ಕಕ್ಷೆಗೆ ಸೇರಿಸಿತು. ಅದರ ಚೀಟಿ ಬಂದದ್ದು ಒಂದು ವರ್ಷದ ಅನಂತರ. 1981ರಲ್ಲಿ ಹಾರಿದ ಆಪಲ್ ಉಪಗ್ರಹದ ಚೀಟಿ 1982ರಲ್ಲಿ ಬಂದಿತು. ಬೆಂಗಳೂರಿನಲ್ಲಿ ಈ ಆಪಲ್ ಉಪಗ್ರಹವನ್ನು ಪರೀಕ್ಷಿಸುವಾಗ, ಸುತ್ತ ಲೋಹವಿದ್ದರೆ ಆಂಟೆನಾದ ಅಳತೆ ಕೆಡುತ್ತದೆಂದು, ಮರದ ಎತ್ತಿನ ಗಾಡಿಯ ಮೇಲೆ ಕೂರಿಸಿ ಬಯಲಿಗೆ ತಂದರು. ಹಿಂದೆ ಹೇಳಿದ ಎತ್ತಿನ ಸ್ನೇಹ ಇದೇ. 1984ರ ಏಪ್ರಿಲ್ 3ರಂದು ರಾಕೇಶ್ ಶರ್ಮ ಅವರು ಅಂತರಿಕ್ಷಕ್ಕೆ ಏರಿದ ದಿನವೂ ಒಂದು ಚೀಟಿ ಹೊರಟಿತು.

ಈ ಹವ್ಯಾಸದಲ್ಲಿ ಶೋಕದ ಲಕೋಟೆಗಳೂ ಉಂಟು. ವಿಮಾನ ಬಿದ್ದು, ಅವಶೇಷಗಳ ನಡುವೆ ಉಳಿದ ಟಪಾಲನ್ನು ಅಂಚೆಯವರು ಮತ್ತೆ ವಿಳಾಸದಾರರಿಗೆ ಮುಟ್ಟಿಸುತ್ತಾರೆ. ನೀರು ತಾಗಿದ, ಕರಕಾದ ಅಂಥ ಲಕೋಟೆಗಳನ್ನು ಕೂಡಿಡುವವರಿದ್ದಾರೆ. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ವಿಶ್ವಕಿರಣಗಳ ಸಂಶೋಧನೆ ನಡೆಸಿದ್ದ ಹೋಮಿ ಭಾಭಾ ಅವರು ತೀರಿಕೊಂಡದ್ದು 1966ರ ಜನವರಿ 24ರಂದು ಮಾಂಟ್ ಬ್ಲಾಂಕ್ ಪರ್ವತದ ಮೇಲೆ ನಡೆದ ವಿಮಾನದ ಅಪಘಾತದಲ್ಲಿ. ಆ ವಿಮಾನದಲ್ಲಿದ್ದ ಸರಕಾರಿ ಟಪಾಲಿನ ಚೀಲವೊಂದು 46 ವರ್ಷ ಹಿಮದಲ್ಲಿದ್ದು 2012ರಲ್ಲಿ ದೊರೆಯಿತು. ಇಂಥ ಕಾಗದವನ್ನು ಕೈಯಲ್ಲಿ ಹಿಡಿಯುವವರು ಅದರ ಬೆಲೆಯನ್ನು ಮಾತ್ರ ನೋಡಿದರೆ ಸಾಲದು.

ನಿಜವೋ, ನಕಲಿಯೋ?

ಬೆಲೆ ಬಂದಲ್ಲಿ ಮೋಸವೂ ಬರುತ್ತದೆ. 1971ರಲ್ಲಿ ಅಪೋಲೋ 15 ನೌಕೆಯಲ್ಲಿ ಚಂದ್ರನಿಗೆ ಹೋದ ಗಗನಯಾತ್ರಿಗಳು ಅನುಮತಿ ಪಡೆದ ಲಕೋಟೆಗಳ ಜೊತೆಗೆ ಅನುಮತಿಯಿಲ್ಲದ 398 ಲಕೋಟೆಗಳನ್ನು ಒಯ್ದು ತಂದರು. ಅವುಗಳಲ್ಲಿ ನೂರು ಜರ್ಮನ್ ವ್ಯಾಪಾರಿಯೊಬ್ಬರ ಕೈಸೇರಿ ಮಾರಾಟವಾದವು. ಸುದ್ದಿ ಹೊರಬಿದ್ದು, ಚಂದ್ರನನ್ನು ಮುಟ್ಟಿಬಂದ ಶೂರರು ಛೀಮಾರಿಗೆ ಗುರಿಯಾದರು. ಮತ್ತೆ ಅವರಾರೂ ಅಂತರಿಕ್ಷಕ್ಕೆ ಹೋಗಲಿಲ್ಲ. ಆ ಲಕೋಟೆಗಳಾದರೂ ನಿಜವಾಗಿ ಚಂದ್ರನವರೆಗೆ ಹೋದವು. ಪೇಟೆಯಲ್ಲಿ ಹಾರಿದವೆಂದು ಮಾರುವ ಎಷ್ಟೋ ಲಕೋಟೆಗಳು ಮೇಜಿನ ಮೇಲಿನಿಂದ ಎದ್ದೇ ಇರುವುದಿಲ್ಲ.

ಸಾಮಾನ್ಯ ಗೃಹಸ್ಥನು ತಾನೇ ಮಾಡಬಹುದಾದ ಕೆಲವು ಪರೀಕ್ಷೆಗಳಿವೆ. ಮೊದಲು ಬರೆದ ಲೇಖನಿಯನ್ನು ನೋಡಿ. ಗುಂಡುಮೊನೆಯ ಬಾಲ್ ಪೆನ್ನು ಬಳಕೆಗೆ ಬಂದದ್ದು ಎರಡನೆಯ ಮಹಾಯುದ್ಧದ ಅನಂತರ. 1934ರದೆಂದು ಹೇಳುವ ಲಕೋಟೆಯ ವಿಳಾಸ ಬಾಲ್ ಪೆನ್ನಿನಲ್ಲಿದ್ದರೆ ಅಲ್ಲಿಗೇ ಕೈಮುಗಿದು ಬಿಡಿ. ವಿಳಾಸದಲ್ಲಿ ಪಿನ್ ಸಂಖ್ಯೆಯಿದ್ದರೆ ಅದು 1972ರ ಆಗಸ್ಟ್ 15ಕ್ಕಿಂತ ಹಿಂದಿನದಲ್ಲ. ಚೀಟಿಯ ಬೆಲೆ ಆಣೆಯಲ್ಲಿದ್ದರೆ 1957ರ ಏಪ್ರಿಲ್‌ಗಿಂತ ಹಿಂದೆ ಅಚ್ಚಾದದ್ದು. ಮೈಸೂರು ರಾಜ್ಯವು ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ನಮ್ಮ ಜಿಲ್ಲೆಯೋ 1947ರವರೆಗೂ ಕಡೂರು ಜಿಲ್ಲೆ ಎನಿಸಿಕೊಂಡಿದ್ದು ಆಮೇಲೆ ಚಿಕ್ಕಮಗಳೂರು ಜಿಲ್ಲೆಯಾಯಿತು. ಅಜ್ಜನಿಗೆ ಬಂದ ಕಾಗದದ ಮೇಲೆ ಕಡೂರು ಜಿಲ್ಲೆ ಎಂದಿದ್ದರೆ ಅದರ ವಯಸ್ಸನ್ನು ನೀವೇ ಲೆಕ್ಕಹಾಕಬಹುದು.

ಅನಂತರ ಠಸ್ಸೆಯನ್ನು ನೋಡಿ. ಅದು ಚೀಟಿಯ ಮೇಲೂ ಲಕೋಟೆಯ ಮೇಲೂ ಒಂದೇ ವೃತ್ತವಾಗಿ ಹರಿದಿರಬೇಕು. ಚೀಟಿಯ ಅಂಚಿನಲ್ಲಿ ವೃತ್ತ ತುಂಡಾಗಿ ಮುಂದೆ ಕೂಡದಿದ್ದರೆ ಬೇರೆಲ್ಲಿಯದೋ ಚೀಟಿಯನ್ನು ತಂದು ಅಂಟಿಸಿದ್ದಾರೆ ಎಂದರ್ಥ. ಮುಂಭಾಗದ ತಾರೀಖಿಗೂ ಹಿಂಭಾಗದ ತಾರೀಖಿಗೂ ಹೊಂದಿಕೆಯಿರಬೇಕು. ನೋಟು ಪರೀಕ್ಷಿಸುವ ನೀಲಿ ದೀಪದ ಕೆಳಗೆ ಹಿಡಿದಾಗ ಕಾಗದ ಬೆಳ್ಳಗೆ ಹೊಳೆದರೆ ಎಚ್ಚರದಿಂದಿರಿ. ಆ ಹೊಳಪನ್ನು ಕೊಡುವ ರಾಸಾಯನಿಕ ಯುದ್ಧಪೂರ್ವದ ಕಾಗದದಲ್ಲಿ ಇರುತ್ತಿರಲಿಲ್ಲ. ಸುಟ್ಟ ಗುರುತೊಂದೇ ರಾಕೆಟ್ಟಿಗೆ ಸಾಕ್ಷಿಯಲ್ಲ. ಊದುಬತ್ತಿಯೂ ಕಾಗದವನ್ನು ಸುಡುತ್ತದೆ!

ಮನೆಯಲ್ಲಿ ಕಾಪಾಡುವ ಬಗೆ

ನಮ್ಮ ಮೂರು ಊರುಗಳ ಹವೆ ಒಂದೇ ಬಗೆಯಲ್ಲ. ಕಡೂರು ಬಯಲುಸೀಮೆ, ಅಲ್ಲಿ ಬಿಸಿಲು, ದೂಳುಗಳೇ ಶತ್ರುಗಳು. ಬಿಸಿಲಿಗೆ ಠಸ್ಸೆಯ ಬಣ್ಣ ಮಾಸುತ್ತದೆ, ಕಾಗದ ಹಪ್ಪಳದಂತೆ ಮುರಿಯುತ್ತದೆ. ಅಜ್ಜಂಪುರದ ಕಡೆಗೂ ಇದೇ ಮಾತು. ತರೀಕೆರೆ ಮಲೆನಾಡಿನ ಬಾಗಿಲು. ಅಲ್ಲಿ ಮಳೆಗಾಲದ ತೇವ, ಬೂಷ್ಟು, ಬೆಳ್ಳಿಬಣ್ಣದ ಕಾಗದದ ಹುಳ. ಆದ್ದರಿಂದ ಕಡೂರಿನವರು ಲಕೋಟೆಗಳನ್ನು ಕತ್ತಲೆಯ ಪೆಟ್ಟಿಗೆಯಲ್ಲಿಡಲಿ. ತರೀಕೆರೆಯವರು ಗೋಡೆಗೆ ತಾಗದ ಬೀರುವಿನಲ್ಲಿಟ್ಟು, ಒಣಹವೆ ಬಂದಾಗ ನೆರಳಿನಲ್ಲಿ ಗಾಳಿಯಾಡಿಸಲಿ. ಅಂಟು, ಟೇಪು, ಗುಂಡುಸೂಜಿ ಯಾವುದೂ ಬೇಡ. ರಬ್ಬರ್ ಬ್ಯಾಂಡು ಕರಗಿ ಅಂಟಿಕೊಳ್ಳುತ್ತದೆ. ಹುಳಿಯಂಶವಿಲ್ಲದ ಕಾಗದದ ಚೀಲ ಒಳ್ಳೆಯದು. ಲಕೋಟೆ ಹೇಗೆ, ಯಾರಿಂದ ಬಂದಿತೆಂಬುದನ್ನು ಬೇರೊಂದು ಹಾಳೆಯಲ್ಲಿ ಬರೆದು ಜೊತೆಗಿಡಿ. ಲಕೋಟೆಯ ಮೇಲೆ ಮಾತ್ರ ಬರೆಯಬೇಡಿ.

ಹಿಂದಿನವರು ಬಂದ ಕಾಗದಗಳನ್ನು ಕೊಕ್ಕೆಯ ತಂತಿಗೆ ಚುಚ್ಚಿ ನಡುಮನೆಯಲ್ಲಿ ತೂಗುಹಾಕುತ್ತಿದ್ದರು. ನಡುವೆ ತೂತು ಬಿದ್ದುದರಿಂದ ಅವಕ್ಕೆ ಪೇಟೆಯಲ್ಲಿ ಬೆಲೆ ಕಡಿಮೆಯಾಗಬಹುದು. ಆದರೆ ಅವನ್ನು ಬಿಸಾಡಬೇಡಿ. ಬೆಂಗಳೂರಿನ ವಿಮಾನದ ಕಾರ್ಖಾನೆ ಶುರುವಾದದ್ದು 1940ರಲ್ಲಿ. ಅಲ್ಲಿಗೆ ಕೆಲಸಕ್ಕೆ ಹೋದ ಮಗ ಮನೆಗೆ ಬರೆದ ಮೊದಲ ಕಾಗದ, ಸೇನೆಯಲ್ಲಿದ್ದ ಚಿಕ್ಕಪ್ಪ ವಿಮಾನದ ಟಪಾಲಿನಲ್ಲಿ ಕಳುಹಿಸಿದ ಕ್ಷೇಮಸಮಾಚಾರ, ಇವೂ ಆಕಾಶಯುಗದ ದಾಖಲೆಗಳೇ. ರಾಕೆಟ್ಟಿನ ಲಕೋಟೆ ಎಲ್ಲರ ಮನೆಯಲ್ಲಿಯೂ ಇರುವುದಿಲ್ಲ. ಆದರೆ ರಾಕೆಟ್ಟನ್ನು ಮಾಡಿದ ಕೈಗಳ ಕಾಗದ ಯಾರ ಅಟ್ಟದಲ್ಲಿದೆಯೋ ಹೇಳಲಾಗದು.

ಸ್ಮಿತ್ ಅವರ ಬಾಣಗಳು ಉರಿದು ಬೂದಿಯಾದವು. ಅವರ ಶ್ರಮವನ್ನು ಇಂದಿಗೂ ಕಣ್ಣಿಗೆ ಕಾಣುವಂತೆ ಉಳಿಸಿಕೊಟ್ಟದ್ದು, ಯಾರೋ ಕೆಲವರು ಒಲೆಗೆ ಹಾಕದೆ ಎತ್ತಿಟ್ಟ ಲಕೋಟೆಗಳು. ಈ ಸಲ ಹಬ್ಬಕ್ಕೆ ಸುಣ್ಣಬಣ್ಣ ಮಾಡಿಸುವಾಗ ಅಟ್ಟದ ಮೇಲಿನ ಹಳೆಯ ಟ್ರಂಕನ್ನು ಇಳಿಸಿದರೆ, ರದ್ದಿಯವನನ್ನು ಕೂಗುವ ಮೊದಲು ಒಂದು ಸಂಜೆ ಬಿಡುವು ಮಾಡಿಕೊಂಡು, ಮನೆಮಂದಿಯೆಲ್ಲ ಕುಳಿತು, ಅದರಲ್ಲಿರುವ ಕಾಗದಗಳ ಠಸ್ಸೆಗಳನ್ನು ಒಂದೊಂದಾಗಿ ಓದಿನೋಡಿ.